ಜೀಪಿನ ಎಂಜಿನ್ನೂ ಜೀಪಿನ ಬ್ರೇಕೂ

ಈ ಬರಹವನ್ನು ಬರೆಯಬೇಕೋ ಬೇಡವೋ ಎಂದು ಮೂರು ವಾರ ಯೋಚಿಸಿದೆ. ಇದನ್ನು ಓದುವವರಲ್ಲಿ ನನ್ನ ಅಕ್ಕನ ಮಗನೂ ಇದ್ದಾನೆ, ಅವನ ಸ್ನೇಹಿತರಾದ ನನ್ನ ಹಳೆಯ ವಿದ್ಯಾರ್ಥಿಗಳೂ ಇದ್ದಾರೆ. ಅವನ ಹೆಸರನ್ನು ಹೇಳುವುದಿಲ್ಲ. ನೆಂಟರಿಗೆ ಹೇಳದೆಯೂ ಗೊತ್ತಾಗುತ್ತದೆ. ಅವನಿಗೆ ಬೇಸರವಾದರೆ ಆಗಲಿ. ಮೂವತ್ತು ವರ್ಷಕ್ಕೂ ಮೀರಿ ಮಕ್ಕಳ ಉತ್ತರಪತ್ರಿಕೆಗಳಲ್ಲಿ ತಪ್ಪಿಗೆ ಕೆಂಪುಗೆರೆ ಎಳೆದವನು ಸ್ವಂತ ಸೋದರಳಿಯನ ತಪ್ಪಿಗೆ ಮಾತ್ರ ಕಣ್ಣುಮುಚ್ಚುವುದು ನ್ಯಾಯವಲ್ಲ.

ಭದ್ರಾವತಿಯಲ್ಲಿ ನಮ್ಮ ಬಂಧುಗಳ ಮನೆಯಲ್ಲೊಂದು ನಾಮಕರಣವಿತ್ತು. ಶಿವಮೊಗ್ಗದಿಂದ ಬಸ್ಸಿನಲ್ಲಿ ಹೋಗಿಬರುವುದು ನನ್ನ ರೂಢಿ. ಅಂದು ಅಳಿಯ ಬಾಗಿಲಿಗೇ ಬಂದು, "ಮಾವ, ಇವತ್ತು ಜೀಪಿನಲ್ಲಿ ಹೋಗೋಣ" ಎಂದ. ಹೊರಗೆ ಬಂದು ನೋಡಿದರೆ, 1960ರ ದಶಕದ, ಎತ್ತರದ ಮೂತಿಯ ಹಳೆಯ ಮಹೀಂದ್ರ ಜೀಪು. ಹಸಿರು ಬಣ್ಣ ಹೊಸದು, ಚಕ್ರಗಳು ನನ್ನ ಸೊಂಟದೆತ್ತರ. ಅವನು ಬಾನೆಟ್ಟು ಎತ್ತಿ ಒಳಗಿದ್ದುದನ್ನು ಅಭಿಮಾನದಿಂದ ತೋರಿಸಿದ. ಎಲ್ಲಿಯೋ ಅಪಘಾತದಲ್ಲಿ ಜಖಂಗೊಂಡ ವಾಹನವೊಂದರ ಕಾಮನ್ ರೈಲ್ ಡೀಸೆಲ್ ಎಂಜಿನ್. ನೂರಕ್ಕೂ ಮಿಕ್ಕಿದ ಅಶ್ವಶಕ್ತಿ. ಅದರದೇ ಐದು ಗೇರುಗಳ ಪೆಟ್ಟಿಗೆ. ಇದಕ್ಕೆ ಅವನು ಲಕ್ಷಗಟ್ಟಲೆ ಸುರಿದಿದ್ದಾನೆ. "ಬ್ರೇಕು?" ಎಂದು ಕೇಳಿದೆ. "ಅದು ಹಳೆಯದೇ, ಚೆನ್ನಾಗಿದೆ. ಲೈನಿಂಗ್ ಹೊಸದು ಹಾಕಿಸಿದ್ದೇನೆ" ಎಂದ.

ಮಾಚೇನಹಳ್ಳಿಯ ಬಳಿ ಸೈಕಲ್ಲಿನಲ್ಲಿ ಒಬ್ಬ ಹುಡುಗ ರಸ್ತೆಗೆ ಅಡ್ಡ ಬಂದ. ಹೆಗಲಿಗೆ ಶಾಲೆಯ ಚೀಲ, ಹನ್ನೆರಡು ಹದಿಮೂರರ ವಯಸ್ಸು. ಅಳಿಯ ಬ್ರೇಕನ್ನು ಪೂರ್ತಿ ತುಳಿದ. ಜೀಪು ನಿಲ್ಲುವ ಬದಲು ಎಡಕ್ಕೆ ಎಳೆಯಿತು, ಹಿಂಬದಿ ಹೊರಳಿತು, ರಸ್ತೆಯ ಅಂಚಿನ ಮಣ್ಣಿಗಿಳಿದು ಅಡ್ಡಡ್ಡವಾಗಿ ನಿಂತಿತು. ಹುಡುಗ ಗಾಬರಿಯಿಂದ ಸೈಕಲ್ಲಿನಿಂದ ಬಿದ್ದಿದ್ದ. ಅವನಿಗೂ ನಮ್ಮ ಬಂಪರಿಗೂ ನಡುವೆ ಒಂದು ಮಾರು ಅಂತರವೂ ಇರಲಿಲ್ಲ. ನಾನು ಇಳಿದು ಅವನ ಮೊಣಕಾಲಿನ ಧೂಳು ಒರೆಸಿದೆ. ಅವನು ನನ್ನ ಮುಖವನ್ನೂ ನೋಡದೆ ಸೈಕಲ್ಲನ್ನೆತ್ತಿಕೊಂಡು ಹೊರಟುಹೋದ.

"ಏನೂ ಆಗಲಿಲ್ಲವಲ್ಲ ಮಾವ" ಎಂದ ಅಳಿಯ. ನಾಮಕರಣದ ಮನೆಯಲ್ಲಿ ಅವನು ಆ ಮಾತನ್ನೆತ್ತಲಿಲ್ಲ, ನಾನೂ ಎತ್ತಲಿಲ್ಲ. ಊಟವಾದ ಮೇಲೆ ಹುಡುಗರೆಲ್ಲ ಜೀಪಿನ ಸುತ್ತ ಸೇರಿ ಎಂಜಿನ್ನಿನ ಸದ್ದು ಕೇಳಿ ಚಪ್ಪಾಳೆ ತಟ್ಟಿದರು. ಹಿರಿಯರೂ ಮೆಚ್ಚಿ ತಲೆದೂಗಿದರು. ಅಂದು ನಾನು ಮೌನವಾಗಿದ್ದದ್ದು ತಪ್ಪು. ಆ ತಪ್ಪನ್ನು ಇಲ್ಲಿ ತಿದ್ದಿಕೊಳ್ಳುತ್ತಿದ್ದೇನೆ.

ನಾನು ಜೀಪಿನ ವಿರೋಧಿಯೆಂದು ಯಾರೂ ಭಾವಿಸಬೇಡಿ. ತೀರ್ಥಹಳ್ಳಿ ಕಡೆಯ ಹಳ್ಳಿಯಲ್ಲಿ ಬೆಳೆದವನು ನಾನು. ಮಳೆಗಾಲದಲ್ಲಿ ಬಸ್ಸು ನಿಂತುಹೋದಾಗ ಬಾಣಂತಿಯನ್ನೂ ಜ್ವರದ ಮಗುವನ್ನೂ ಆಸ್ಪತ್ರೆಗೆ ಮುಟ್ಟಿಸುತ್ತಿದ್ದುದು ಊರಿನ ಅಡಿಕೆ ಬೆಳೆಗಾರರೊಬ್ಬರ ಜೀಪು. ಅದು ಪೆಟ್ರೋಲಿನದು. 1973ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲು ದುಬಾರಿಯಾದಾಗ ಮಲೆನಾಡಿನಲ್ಲಿ ಎಷ್ಟೋ ಮಂದಿ ತಮ್ಮ ಜೀಪಿನ ಪೆಟ್ರೋಲ್ ಎಂಜಿನ್ನನ್ನು ಇಳಿಸಿ ಡೀಸೆಲ್ ಎಂಜಿನ್ನನ್ನು ಕೂರಿಸಿದರು. ನಮ್ಮೂರಿನ ಜೀಪಿಗೂ ಆ ಸಂಸ್ಕಾರವಾಯಿತು. ಅಂದು ಯಾರೂ ಅದನ್ನು ಹವ್ಯಾಸವೆಂದು ಕರೆಯಲಿಲ್ಲ. ಮಹೀಂದ್ರ ಸಂಸ್ಥೆಯೇ ಮೊದಲು ಟ್ರ್ಯಾಕ್ಟರಿನ ಬಳಗಕ್ಕೆ ಸೇರಿದ ಇಂಟರ್‌ನ್ಯಾಷನಲ್ ಡೀಸೆಲ್ ಎಂಜಿನ್ನನ್ನೂ, 1980ರ ದಶಕದಲ್ಲಿ ಪಿಯುಜೊ ಮೂಲದ ಎಂಜಿನ್ನನ್ನೂ ತನ್ನ ಜೀಪುಗಳಿಗೆ ಹಾಕಿತು.

ಹಾಗಿದ್ದ ಮೇಲೆ ಅಂದಿನದು ಸರಿ, ಇಂದಿನದು ತಪ್ಪೆಂದು ಹೇಗೆ ಹೇಳುತ್ತೀರಿ ಎಂದು ಅಳಿಯ ಫೋನಿನಲ್ಲಿ ವಾದಿಸಿದ. ಒಳ್ಳೆಯ ಪ್ರಶ್ನೆ. ಅಂದು ಎಂಜಿನ್ ಬದಲಿಸಿದವರು ಬಯಸಿದ್ದು ಖರ್ಚಿನ ಇಳಿಕೆಯನ್ನು, ವೇಗವನ್ನಲ್ಲ. ಡೀಸೆಲ್ ಬಂದ ಮೇಲೆ ನಮ್ಮೂರಿನ ಜೀಪು ಮೊದಲಿಗಿಂತ ನಿಧಾನವಾಯಿತು, ಸದ್ದು ಮಾತ್ರ ಹೆಚ್ಚಿತು. ಅದರ ಬ್ರೇಕಿನ ಮೇಲೆ ಮೊದಲಿಗಿಂತ ಹೆಚ್ಚಿನ ಹೊರೆಯೇನೂ ಬೀಳಲಿಲ್ಲ. ಇಂದಿನವರು ಬಯಸುತ್ತಿರುವುದು ಬೇರೆಯೇ. ಮೂಲದಲ್ಲಿ ಇಲ್ಲದ ಶಕ್ತಿಯನ್ನು ತಂದು, ಅದನ್ನು ತಡೆಯಬೇಕಾದ ಅಂಗಗಳನ್ನು ಇದ್ದ ಹಾಗೆಯೇ ಬಿಡುತ್ತಿದ್ದಾರೆ. ನನ್ನ ಜಗಳವಿರುವುದು ಇದರೊಂದಿಗೆ.

ಜೀಪಿನ ಚರಿತ್ರೆಯನ್ನೇ ನೋಡಿ. ಎರಡನೆಯ ಮಹಾಯುದ್ಧಕ್ಕಾಗಿ 1941ರಿಂದ ಅಮೆರಿಕದ ವಿಲ್ಲೀಸ್ ಕಂಪನಿ ತಯಾರಿಸಿದ ಜೀಪಿನ ಎಂಜಿನ್ನಿಗಿದ್ದದ್ದು 60 ಅಶ್ವಶಕ್ತಿ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಮುಂಬಯಿಯ ಮಹೀಂದ್ರದವರು ವಿಲ್ಲೀಸ್ ಜೀಪುಗಳನ್ನು ಜೋಡಿಸಲಾರಂಭಿಸಿ, ಮುಂದೆ ಇಲ್ಲಿಯೇ ತಯಾರಿಸತೊಡಗಿದರು. 1953ರಲ್ಲಿ ವಿಲ್ಲೀಸ್‌ನವರು ಜೀಪಿಗೆ 'ಹರಿಕೇನ್' ಎಂಬ ಹೊಸ ಎಂಜಿನ್ ಹಾಕಿದರು. ಅದರ ಶಕ್ತಿ 75ನ್ನು ದಾಟಿರಲಿಲ್ಲ, ಆದರೆ ಎತ್ತರ ಹೆಚ್ಚು. ಬಾನೆಟ್ಟಿನ ಅಡಿಯಲ್ಲಿ ಹಿಡಿಸದ ಕಾರಣ ಅವರು ಬಾನೆಟ್ಟನ್ನೇ ಎತ್ತರಿಸಿದರು. ಅಳಿಯನ ಜೀಪಿನ ಆ ಎತ್ತರದ ಮೂತಿ ಹುಟ್ಟಿದ್ದು ಹೀಗೆ. ಎಂಜಿನ್ನನ್ನು ಕಂಡುಹಿಡಿದವರೇ ಎಂಜಿನ್ ಬದಲಿಸುವಾಗ ಉಳಿದುದನ್ನು ಅದಕ್ಕೆ ಹೊಂದಿಸಿಕೊಳ್ಳಬೇಕಾಯಿತು.

ಈಗ ಸ್ವಲ್ಪ ಪಾಠ. ಕ್ಷಮಿಸಿ, ಅಭ್ಯಾಸ ಬಿಡುವುದಿಲ್ಲ.

ಕನ್ನಡದಲ್ಲಿ ನಾವು ಅಶ್ವಶಕ್ತಿ ಎನ್ನುತ್ತೇವೆ. ನಮ್ಮ ಪಠ್ಯಪುಸ್ತಕದ ಪರಿಭಾಷೆಯಲ್ಲಿ ಅದು ಶಕ್ತಿಯಲ್ಲ, ಸಾಮರ್ಥ್ಯ. ಅಂದರೆ ಕೆಲಸ ಮಾಡುವ ದರ. ಒಂದು ಅಶ್ವಶಕ್ತಿಯೆಂದರೆ ಸುಮಾರು 746 ವ್ಯಾಟ್. ರಸ್ತೆಯಲ್ಲಿ ಮನುಷ್ಯನನ್ನು ಕೊಲ್ಲುವುದು ಈ ಸಾಮರ್ಥ್ಯವಲ್ಲ, ವಾಹನ ಗಳಿಸಿಕೊಂಡ ಚಲನಶಕ್ತಿ. ಒಂಬತ್ತನೆಯ ತರಗತಿಯಲ್ಲಿ ನೀವೆಲ್ಲ ರಾಗವಾಗಿ ಒಪ್ಪಿಸುತ್ತಿದ್ದ ಸೂತ್ರವದು: ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸುವುದು. ಜೀಪಿನ ತೂಕ ಸುಮಾರು 1000 ಕಿಲೋ ಎಂದಿಟ್ಟುಕೊಳ್ಳಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಅದರ ಚಲನಶಕ್ತಿ ಸುಮಾರು 1 ಲಕ್ಷ 39 ಸಾವಿರ ಜೂಲ್. 90 ಕಿಲೋಮೀಟರ್ ವೇಗದಲ್ಲಿ 3 ಲಕ್ಷ 12 ಸಾವಿರ ಜೂಲ್. ವೇಗ ಒಂದೂವರೆಪಟ್ಟಾದರೆ ಶಕ್ತಿ ಎರಡೂಕಾಲುಪಟ್ಟು. ಅಷ್ಟನ್ನೂ ಬ್ರೇಕುಗಳು ಶಾಖವಾಗಿ ನುಂಗಿಕೊಂಡರೆ ಮಾತ್ರ ವಾಹನ ನಿಲ್ಲುತ್ತದೆ. ನುಂಗಬೇಕಾದದ್ದು ಯಾವುದು? 9 ಅಂಗುಲದ ನಾಲ್ಕು ಡ್ರಮ್ಮುಗಳು. ಡ್ರಮ್ಮು ಕಾದಂತೆ ಹಿಗ್ಗಿ ಲೈನಿಂಗಿನಿಂದ ದೂರ ಸರಿಯುತ್ತದೆ, ಲೈನಿಂಗಿನ ಹಿಡಿತವೂ ಇಳಿಯುತ್ತದೆ. ಪೆಡಲು ತುಳಿದಷ್ಟೂ ಒಳಗೆ ಹೋಗುತ್ತದೆ, ಜೀಪು ನಿಲ್ಲುವುದಿಲ್ಲ. ಆಗುಂಬೆ ಘಾಟಿಯ 14 ತಿರುವುಗಳನ್ನು ಬ್ರೇಕಿನ ಮೇಲೆ ಕಾಲಿಟ್ಟೇ ಇಳಿದು ಸೋಮೇಶ್ವರದಲ್ಲಿ ಸುಟ್ಟ ವಾಸನೆ ಕುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಸಂಗತಿ. ಈ ಹಳೆಯ ಜೀಪುಗಳಲ್ಲಿ ಬ್ರೇಕಿನ ದ್ರವಕ್ಕೆ ಇರುವುದು ಒಂದೇ ಮಾರ್ಗ. ನಾಲ್ಕು ಚಕ್ರಗಳಲ್ಲಿ ಎಲ್ಲಿ ಸೋರಿದರೂ ನಾಲ್ಕರ ಬ್ರೇಕೂ ಹೋಯಿತು. ಇಂದಿನ ವಾಹನಗಳಲ್ಲಿ ಮಾರ್ಗವನ್ನು ಎರಡು ಮಾಡಿರುತ್ತಾರೆ; ಒಂದು ಕೈಕೊಟ್ಟರೂ ಇನ್ನೊಂದು ಹಿಡಿಯುತ್ತದೆ.

ಹಳೆಯ ಜೀಪಿಗೆ ಒಂದು ಸ್ವಾಭಾವಿಕ ಕಡಿವಾಣವಿತ್ತು ಎಂಬುದನ್ನೂ ಹೇಳಬೇಕು. ಅದರ ಆಕ್ಸಲ್ಲಿನ ಹಲ್ಲುಗಳ ಅನುಪಾತ 5.38, ಅಂದರೆ ಚಕ್ರ ಒಂದು ಸುತ್ತು ತಿರುಗಬೇಕಾದರೆ ಪ್ರೊಪೆಲ್ಲರ್ ದಂಡ ಐದು ಸುತ್ತಿಗಿಂತ ಹೆಚ್ಚು ತಿರುಗಬೇಕು. ಇದ್ದ ಮೂರು ಗೇರುಗಳಲ್ಲಿ ಕೊನೆಯದಕ್ಕೆ ಹಾಕಿದರೂ ಎಂಜಿನ್ ಸ್ವಲ್ಪದರಲ್ಲೇ ಅರಚತೊಡಗುತ್ತಿತ್ತು, ಚಾಲಕ ತಾನಾಗಿ ಕಾಲು ಸಡಿಲಿಸುತ್ತಿದ್ದ. ಕೆಸರಿನ ದಿಬ್ಬವೇರಲು ಕೆಳ ಅನುಪಾತದ ಮೊದಲ ಗೇರಿನಲ್ಲಿ ಒಟ್ಟು ಗುಣಕ ಸುಮಾರು 37. ಎಂಜಿನ್ನಿನ 155 ನ್ಯೂಟನ್-ಮೀಟರ್ ತಿರುಗುಬಲ ಚಕ್ರಗಳನ್ನು ಮುಟ್ಟುವಾಗ, ಘರ್ಷಣೆಯ ನಷ್ಟವನ್ನು ಬಿಟ್ಟರೆ, 5,700 ದಾಟುತ್ತಿತ್ತು. ಆನೆಯಂಥ ಬಲ, ಆಮೆಯಂಥ ನಡೆ. ಆ ಯಂತ್ರದ ಜಾಣತನವಿದ್ದದ್ದು ಅಲ್ಲಿ. ಈಗ ಅದರಲ್ಲಿ 247 ನ್ಯೂಟನ್-ಮೀಟರಿನ ಎಂಜಿನ್ನನ್ನು ಕೂರಿಸಿದಿರೆಂದು ಭಾವಿಸಿ. ಹಳೆಯ ಗುಣಕದಲ್ಲಿಯೇ ಲೆಕ್ಕ ಹಾಕಿದರೂ ಚಕ್ರಗಳಲ್ಲಿ 9,000ಕ್ಕೂ ಹೆಚ್ಚು. ಆಕ್ಸಲ್ ದಂಡವನ್ನು ಮಾಡಿದ ಎಂಜಿನಿಯರು ಈ ಅಂಕಿಯನ್ನು ಕನಸಿನಲ್ಲಿಯೂ ಎಣಿಸಿರಲಿಲ್ಲ. ಆ ಮಾದರಿಯ ಹಿಂದಿನ ಆಕ್ಸಲ್ಲಿನಲ್ಲಿ ಚಕ್ರವನ್ನು ಹೊತ್ತಿರುವುದೇ ಆ ದಂಡ. ದಂಡ ಹೊರತುದಿಯಲ್ಲಿ ಮುರಿದರೆ ನಿಲ್ಲುವುದು ಜೀಪಲ್ಲ. ಚಕ್ರವೇ ಕಳಚಿ ತನ್ನ ದಾರಿ ಹಿಡಿಯುತ್ತದೆ. ಇನ್ನು ಹೊಸ ಗೇರುಪೆಟ್ಟಿಗೆಯ ಐದನೆಯ ಗೇರು ಬಂತೆಂದರೆ ಆ ಹಳೆಯ ಕಡಿವಾಣವೂ ಹರಿದಂತೆಯೇ. ನಾಲ್ಕನ್ನು ದಾಟಿದ ಮೇಲೆ ಅಳಿಯನ ಜೀಪು ಅರಚಲಿಲ್ಲ, ಗುನುಗಿತು. ನಮ್ಮ ವೇಗವೆಷ್ಟೆಂದು ನನಗೆ ತಿಳಿಯಲೇ ಇಲ್ಲ. ಹುಡುಗ ಅಡ್ಡ ಬಂದಾಗ ತಿಳಿಯಿತು.

247 ಎಂಬ ಅಂಕಿಯನ್ನು ನಾನು ಗಾಳಿಯಿಂದ ಹಿಡಿಯಲಿಲ್ಲ. 2010ರಲ್ಲಿ ಮಹೀಂದ್ರದವರು ಹಳೆಯ ಜೀಪಿನ ಮುಖಚರ್ಯೆಯನ್ನೇ ಉಳಿಸಿಕೊಂಡು 'ಥಾರ್' ಎಂಬ ವಾಹನವನ್ನು ತಂದರಲ್ಲ, ಅದರ ಕಾಮನ್ ರೈಲ್ ಎಂಜಿನ್ನಿನ ತಿರುಗುಬಲವದು, ಅಶ್ವಶಕ್ತಿ 105. ಅದೇ ಆಕಾರದ ವಾಹನಕ್ಕೆ ಅಷ್ಟು ಬಲ ಕೊಡುವಾಗ ತಯಾರಕರು ಏನು ಮಾಡಿದರು? ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಕೊಟ್ಟರು. ಮುಂಭಾಗದ ಪಟ್ಟಿ ಸ್ಪ್ರಿಂಗುಗಳನ್ನು ತೆಗೆದು, ಎರಡು ಚಕ್ರಗಳೂ ಸ್ವತಂತ್ರವಾಗಿ ಆಡುವ ಬೇರೆ ವ್ಯವಸ್ಥೆ ಮಾಡಿದರು. ಪರೀಕ್ಷಾ ರಸ್ತೆ, ಗಣಕಯಂತ್ರ, ನೂರಾರು ಎಂಜಿನಿಯರುಗಳು ಇದ್ದ ಸಂಸ್ಥೆಯೇ ಹಳೆಯ ಅಂಗಗಳನ್ನು ನಂಬಲಿಲ್ಲ. ನನ್ನ ಅಳಿಯ ಮಾತ್ರ ಹೊಸ ಲೈನಿಂಗನ್ನು ನಂಬಿದ್ದಾನೆ!

"ಕಾಡುದಾರಿಗೆ ಶಕ್ತಿ ಬೇಕು ಸಾರ್" ಎಂಬುದು ಹಳೆಯ ವಿದ್ಯಾರ್ಥಿಯೊಬ್ಬನ ವಾದ. ಅವನನ್ನು ಒಮ್ಮೆ ಕೊಡಚಾದ್ರಿಗೆ ಕರೆದೊಯ್ಯಬೇಕು. 1343 ಮೀಟರ್ ಎತ್ತರದ ಆ ಬೆಟ್ಟಕ್ಕೆ ಕಲ್ಲುಗುಂಡು, ಕೊರಕಲುಗಳ ದಾರಿಯಲ್ಲಿ ದಿನವೂ ಯಾತ್ರಿಕರನ್ನು ಹೊತ್ತೇರುವ ಬಾಡಿಗೆ ಜೀಪಿನವರನ್ನು ನೋಡಿ. ಸಾಧಾರಣ ಡೀಸೆಲ್ ಜೀಪುಗಳವು. ಮನುಷ್ಯ ಜೋರಾಗಿ ನಡೆದರೆ ಜೊತೆಗೆ ಹೋಗಬಹುದಾದ ವೇಗದಲ್ಲಿ, ಕೆಳಗೇರಿನಲ್ಲಿ, ಒಂದೊಂದು ಕಲ್ಲನ್ನೂ ಮಾತನಾಡಿಸಿಕೊಂಡು ಏರುತ್ತಾರೆ. ಅಲ್ಲಿ ಕೆಲಸ ಮಾಡುವುದು ಗೇರಿನ ಗುಣಕ ಮತ್ತು ಚಾಲಕನ ಪಾದದ ತಾಳ್ಮೆ. ನೂರರ ಮೇಲಿನ ಅಶ್ವಶಕ್ತಿ ಉಪಯೋಗಕ್ಕೆ ಬರುವುದು ಡಾಂಬರಿನ ಮೇಲೆ, ಶಿವಮೊಗ್ಗ-ಭದ್ರಾವತಿಯ ನಡುವೆ, ಸೈಕಲ್ಲಿನ ಹುಡುಗರು ಓಡಾಡುವ ಕಡೆ. ಕಾಡಿನ ಹೆಸರು ಹೇಳಿ ಊರಿನಲ್ಲಿ ಓಡಿಸುವುದು ಎಂದರೆ ಇದು. ಜೊತೆಗೆ, ಹೊಸ ಎಂಜಿನ್ನಿಗೆ ಒಂದು ವಿದ್ಯುನ್ಮಾನ ಮೆದುಳಿದೆ, ಗೊಂಚಲುಗಟ್ಟಲೆ ತಂತಿಗಳಿವೆ. ಸರಿಯಾಗಿ ಮುಚ್ಚಿ ಕೂರಿಸದಿದ್ದರೆ ನಮ್ಮ ಆಷಾಢದ ಮಳೆಯಲ್ಲಿ ಹಳ್ಳದ ನಡುವೆ ಅದು ನಿಂತುಬಿಟ್ಟರೆ, ಹಳೆಯ ಎಂಜಿನ್ನಿನ ಹಾಗೆ ಡಿಸ್ಟ್ರಿಬ್ಯೂಟರ್ ಮುಚ್ಚಳ ಬಿಚ್ಚಿ ಪಂಚೆಯ ತುದಿಯಿಂದ ಒರೆಸಿ ಹೊರಡಿಸಲಾಗುವುದಿಲ್ಲ.

"ಹಳೆಯದನ್ನು ಉಳಿಸುತ್ತಿದ್ದೇವೆ" ಎಂಬ ಮಾತು ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸುತ್ತದೆ. ಅಳಿಯನ ಜೀಪಿನಿಂದ ಇಳಿಸಿದ ಮೂಲ ಎಂಜಿನ್ ಗುಜರಿಗೆ ತೂಕಕ್ಕೆ ಹೋಯಿತು.

ಕಾನೂನಿನ ವಿಷಯ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣದ ಪ್ರಕಾರ ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ನಿಗದಿಪಡಿಸಿದ್ದಕ್ಕಿಂತ ಬೇರೆಯಾಗುವಂತೆ ಮಾಲೀಕ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಕೇರಳ ಹೈಕೋರ್ಟಿನ ತೀರ್ಪೊಂದನ್ನು ತಳ್ಳಿಹಾಕಿ, ಇದನ್ನು ಸ್ಪಷ್ಟವಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಎರಡೂ ಎಂದು ಸೇರಿಸಲಾಯಿತು. ದಂಡ ಹೋಗಲಿ. ಪತ್ರದಲ್ಲಿರುವ ಎಂಜಿನ್ ಸಂಖ್ಯೆ ಒಂದು, ಬಾನೆಟ್ಟಿನಡಿ ಇರುವುದು ಇನ್ನೊಂದು ಎಂದಾದರೆ ಅಪಘಾತದ ಮರುದಿನ ವಿಮಾ ಕಂಪನಿಗೆ ತಕರಾರು ತೆಗೆಯಲು ಬೇರೆ ಕಾರಣ ಬೇಕೇ? ಆ ದಿನ ಮಾಚೇನಹಳ್ಳಿಯ ಹುಡುಗನಿಗೆ ಏನಾದರೂ ಆಗಿದ್ದರೆ ಅವನ ತಂದೆತಾಯಿ ಪರಿಹಾರಕ್ಕಾಗಿ ಎಷ್ಟು ವರ್ಷ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗುತ್ತಿತ್ತೋ.

ಈ ಕಾನೂನು ಮೊಂಡು ಎಂಬುದನ್ನೂ ಒಪ್ಪುತ್ತೇನೆ. ಬ್ರೇಕು, ಆಕ್ಸಲ್ಲು, ಸ್ಟಿಯರಿಂಗ್ ಎಲ್ಲವನ್ನೂ ಶ್ರದ್ಧೆಯಿಂದ ಬದಲಿಸಿದವನೂ, ಎಂಜಿನ್ ಮಾತ್ರ ತುರುಕಿದವನೂ ಅದರ ಕಣ್ಣಿಗೆ ಒಂದೇ. ಮೆಲ್ಬರ್ನಿನಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬ ಬರೆದಿದ್ದಾನೆ: ಆಸ್ಟ್ರೇಲಿಯದಲ್ಲಿ ಹಗುರ ವಾಹನಗಳ ಮಾರ್ಪಾಡಿಗೆಂದೇ ರಾಷ್ಟ್ರೀಯ ಸಂಹಿತೆಯಿದೆ, ದೊಡ್ಡ ಎಂಜಿನ್ ಹಾಕಿದರೆ ಬ್ರೇಕೂ ಅದಕ್ಕೆ ತಕ್ಕಂತೆ ಇರಬೇಕು, ಅಂಥ ಮಾರ್ಪಾಡಿಗೆ ಅಧಿಕೃತ ಎಂಜಿನಿಯರ್ ಪರಿಶೀಲಿಸಿ ಪ್ರಮಾಣಪತ್ರ ಕೊಡಬೇಕು. ಜರ್ಮನಿಯಲ್ಲಿಯೂ ತಪಾಸಣೆ ಮಾಡಿ ಮಾರ್ಪಾಡನ್ನು ವಾಹನದ ಪತ್ರದಲ್ಲಿ ನಮೂದಿಸುತ್ತಾರೆ. ನಮ್ಮಲ್ಲಿಯೂ ಅಂಥದೊಂದು ದಾರಿ ಇರಬೇಕೆಂದು ನನ್ನ ಹುಡುಗರು ಗುಂಪುಕಟ್ಟಿ ಮನವಿ ಬರೆದರೆ ಮೊದಲ ಸಹಿ ನನ್ನದು, ಕರಡು ಬೇಕಿದ್ದರೂ ತಿದ್ದಿಕೊಡುತ್ತೇನೆ. ಆದರೆ ಅವರು ಬಯಸುತ್ತಿರುವುದು ತಪಾಸಣೆಯನ್ನಲ್ಲ, ಯಾರೂ ಬಾನೆಟ್ಟು ಎತ್ತಿ ನೋಡದಿರುವುದನ್ನು.

ಇನ್ನು ಈ ಕೆಲಸ ಮಾಡಿಕೊಟ್ಟವರ ಬಗೆಗೆ. ಅಳಿಯನ ಜೀಪಿನಲ್ಲಿ ಎಂಜಿನ್ನನ್ನು ಚಾಸಿಗೆ ಹಿಡಿಸಿದ ಆಧಾರಗಳನ್ನೂ, ಹೊಸ ಗೇರುಪೆಟ್ಟಿಗೆಯನ್ನು ಹಳೆಯ ನಾಲ್ಕುಚಕ್ರ ಚಾಲನೆಯ ಪೆಟ್ಟಿಗೆಗೆ ಕೂಡಿಸುವ ಉಕ್ಕಿನ ಫಲಕವನ್ನೂ ನೋಡಿದೆ. ಭದ್ರಾವತಿಯ ಸಣ್ಣ ಶೆಡ್ಡೊಂದರಲ್ಲಿ ಲೇತಿನ ಮೇಲೆ ಮಾಡಿದ್ದಂತೆ. ಎಷ್ಟು ಅಚ್ಚುಕಟ್ಟು! ಅಂಚಿನಲ್ಲಿ ಕೂದಲೆಳೆಯಷ್ಟು ಓರೆಯಿಲ್ಲ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ ಮೂರು ತಲೆಮಾರುಗಳಿಗೆ ಕಲಿಸಿದ ಕೈಗುಣವದು. ಅಲ್ಲಿನ ಕಾರ್ಮಿಕರ ಮಕ್ಕಳಿಗೆ ನಾನು ಪಾಠ ಹೇಳಿದವನು. ಸ್ಕ್ರೂಗೇಜಿನ ಪಾಠದಲ್ಲಿ ನಾನು ತಡವರಿಸಿದರೆ, ಅಪ್ಪ ಮನೆಯಲ್ಲಿ ತೋರಿಸಿದ್ದಾರೆಂದು ನನ್ನನ್ನೇ ತಿದ್ದುತ್ತಿದ್ದರು. ಕಾಗದದ ಕಾರ್ಖಾನೆಯ ಉತ್ಪಾದನೆ 2015ರಲ್ಲಿ ನಿಂತಿತು. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ ಹೊರಬಿದ್ದಾಗ ಊರೇ ಬೀದಿಗಿಳಿಯಿತು. ಆ ಕೈಗಳಿಗೆ ಕೆಲಸ ಬೇಕು, ಬಂದ ಗಿರಾಕಿಯನ್ನು ಬೇಡವೆನ್ನುವ ಸ್ಥಿತಿಯಲ್ಲಿ ಅವರಿಲ್ಲ. ಅವರನ್ನು ನಾನು ಬೈಯಲಾರೆ. ಆದರೆ ಒಂದು ಮಾತು ಕೇಳುತ್ತೇನೆ: ಅಷ್ಟು ಸೊಗಸಾದ ಫಲಕ ಕೊರೆಯಬಲ್ಲವನು, ಮುಂದಿನ ಹಬ್ಬಿಗೆ ಡಿಸ್ಕ್ ಬ್ರೇಕ್ ಹಿಡಿಸುವ ಆಧಾರವನ್ನೂ ಕೊರೆದುಕೊಡಬಲ್ಲನಲ್ಲವೇ? "ಇದಿಲ್ಲದೆ ಅದನ್ನು ಮಾಡುವುದಿಲ್ಲ" ಎಂದು ಗಿರಾಕಿಗೆ ಹೇಳಿದ್ದರೆ ಅವನ ಗೌರವವೂ ಹೆಚ್ಚುತ್ತಿತ್ತು, ಕೂಲಿಯೂ ಹೆಚ್ಚುತ್ತಿತ್ತು. ಎಂಜಿನ್ನಿಗೆ ಲಕ್ಷಗಳನ್ನು ಸುರಿಯುವವನಿಗೆ ಅದೊಂದು ಭಾರವಾಗುತ್ತಿರಲಿಲ್ಲ. ಆದರೆ ಬ್ರೇಕಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ನಾಮಕರಣದ ಮನೆಯಲ್ಲಿ ಒಬ್ಬನಾದರೂ ಬಗ್ಗಿ ಚಕ್ರದ ಒಳಗೆ ನೋಡಿದನೇ?

ಇದನ್ನು ಬರೆಯುವ ಮೊದಲು ಅಳಿಯನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಅನಂತರ, "ಡಿಸ್ಕ್ ಹಾಕಿಸಿದರೆ ಹತ್ತುತ್ತೀರಾ ಮಾವ?" ಎಂದು ಕೇಳಿದ. ಡಿಸ್ಕೂ ಆಗಬೇಕು, ಎರಡು ಮಾರ್ಗದ ಮಾಸ್ಟರ್ ಸಿಲಿಂಡರೂ ಆಗಬೇಕು, ಹಿಂದಿನ ಆಕ್ಸಲ್ಲೂ ಬದಲಾಗಬೇಕು. ಅಷ್ಟಾದ ಮೇಲೆಯೂ ಪತ್ರದ ಸಂಖ್ಯೆಗೂ ಎಂಜಿನ್ನಿಗೂ ತಾಳೆಯಾಗುವವರೆಗೆ ಅದು ರಸ್ತೆಗಿಳಿಯಬಾರದು, ಸ್ವಂತ ತೋಟದೊಳಗೆ ಎಷ್ಟು ಬೇಕಾದರೂ ಓಡಿಸಿಕೋ ಎಂದೆ. "ಹಾಗಾದರೆ ಹಳೆಯ ಎಂಜಿನ್ನೇ ಚೆನ್ನಾಗಿತ್ತು ಅನ್ನಿ" ಎಂದು ನಕ್ಕ. ಗುಜರಿಯವನ ವಿಳಾಸ ಅವನ ಬಳಿ ಇದೆಯಂತೆ. ಎಂಜಿನ್ ಇನ್ನೂ ಕರಗಿರದಿದ್ದರೆ ನೋಡಿ ಬರೋಣವೆಂದಿದ್ದಾನೆ. ಭಾನುವಾರ ಹೋಗುತ್ತೇವೆ, ಬಸ್ಸಿನಲ್ಲಿ.